ಅವ್ವನಿಗೆ ನಾನು ಹೇಳಿದ ಕಾನೂನು

ನಾನು ನನ್ನ ಅವ್ವನಿಗೆ ಕಾನೂನಿನ ಹೆಸರಿನಲ್ಲಿ ಒಂದು ಸುಳ್ಳು ಹೇಳಿದೆ. ಅವಳ ಎರಡನೆಯ ಮದುವೆ ನಿಂತುಹೋಗಲಿ ಎಂದೇ ಹೇಳಿದೆ. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದ ವಿವರಗಳಲ್ಲಿ ಕೆಲವು ತಪ್ಪಿರಬಹುದು — ಅಂದು ಶುಕ್ರವಾರವೋ ಶನಿವಾರವೋ, ಅವ್ವ ಕೂತಿದ್ದಳೋ ನಿಂತಿದ್ದಳೋ, ಆ ಮಾತು ಆಡುವಾಗ ನಾನು ಅವಳ ಮುಖ ನೋಡಿದೆನೋ ಇಲ್ಲವೋ.

ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ನನಗೆ ದಿನಚರಿ ಬರೆಯುವ ಅಭ್ಯಾಸ. ಇಂಥ ಅನುಮಾನಕ್ಕೆ ಹಳೆಯ ಪುಟ ತೆಗೆದು ನೋಡಿದರಾಯಿತಲ್ಲ ಎಂದು ನೀವು ಕೇಳಬಹುದು. ತೆಗೆದು ನೋಡಿದೆ. ಆರು ವರ್ಷದ ಹಿಂದಿನ ಆ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಹೀಗಿದೆ: "ವಕೀಲರನ್ನು ಕಂಡೆ. ಮರುಮದುವೆಯಾದರೆ ಮನೆಯ ಮೇಲಿನ ಹಕ್ಕು ಅವ್ವನ ಕೈತಪ್ಪುತ್ತದಂತೆ."

ವಕೀಲರು ಹಾಗೆ ಹೇಳಿರಲಿಲ್ಲ. ಅದರ ವಿರುದ್ಧವಾದದ್ದನ್ನು ಹೇಳಿದ್ದರು, ಎರಡು ಸಲ, ಬಿಡಿಸಿ ಬಿಡಿಸಿ. ನನ್ನ ಹೊರತು ಯಾರೂ ಓದದ ನೋಟ್‌ಬುಕ್ಕಿನಲ್ಲಿ ನಾನು ಯಾರಿಗಾಗಿ ಸುಳ್ಳು ಬರೆದೆ? ನಾಳೆಯ ನನಗಾಗಿಯೇ ಇರಬೇಕು — ವರ್ಷಗಳು ಕಳೆದ ಮೇಲೆ ಪುಟ ತಿರುವಿ, "ಓಹೋ, ವಕೀಲರೇ ಹಾಗಂದಿದ್ದರು" ಎಂದು ನಂಬಿ ಹಗುರಾಗಲಿ ಎಂದು. ಆದ್ದರಿಂದ ಈಗ ನನ್ನ ದಿನಚರಿಯೂ ನನಗೆ ಸಾಕ್ಷಿಯಲ್ಲ. ನೆನಪನ್ನೇ ನೆಚ್ಚಿ ಬರೆಯಬೇಕು, ಅದನ್ನೂ ಪೂರ್ತಿ ನಂಬದೆ.

ನಮ್ಮ ಮನೆ ಇರುವುದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ. ಮುಂದೆ ಮೂರು ಕೋಣೆಯ ಮನೆ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಕೂದಲಿನ ಕೆಲಸ. ಹೊರಗಿನವರಿಗೆ ಇದು ವಿಚಿತ್ರವೆನಿಸುತ್ತದೆ, ನಮ್ಮೂರಿನಲ್ಲಿ ಓಣಿಗೊಂದು ಇಂಥ ಶೆಡ್ಡಿದೆ. ಬಾಚಣಿಗೆಗೆ ಉದುರಿ ಬಂದ ಕೂದಲು, ಊರೂರು ತಿರುಗುವವರು ಹೇರ್‌ಪಿನ್ನು, ಸ್ಟೀಲಿನ ವಾಟಿ ಕೊಟ್ಟು ಕೊಂಡ ಕೂದಲು, ಚೀಲಗಟ್ಟಲೆ ಬರುತ್ತದೆ. ಹೆಣ್ಣುಮಕ್ಕಳು ಕೂತು ಸಿಕ್ಕು ಬಿಡಿಸುತ್ತಾರೆ, ತೊಳೆಯುತ್ತಾರೆ, ಉದ್ದದ ಪ್ರಕಾರ ಬೇರೆ ಮಾಡಿ, ವಿಗ್ ಮಾಡುವವರಿಗೆ ಕಳಿಸಲು ಕಟ್ಟು ಕಟ್ಟುತ್ತಾರೆ. ಈ ಕೆಲಸ ಶುರುಮಾಡಿದವನು ನನ್ನ ಅಪ್ಪ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಎದೆನೋವೆಂದು ಮಲಗಿದವನು ಏಳಲಿಲ್ಲ. ಅಂದಿನಿಂದ ಶೆಡ್ಡು ನಡೆಸಿದವಳು ಅವ್ವ — ಶಾಂತವ್ವ, ನಾಲ್ಕನೆಯ ಈಯತ್ತೆ ಓದಿದವಳು, ಬಸ್ಸಿನ ಬೋರ್ಡು ಓದಬಲ್ಲಳು, ಸಹಿ ಹಾಕಬಲ್ಲಳು. ಒಂಬತ್ತು ಹೆಣ್ಣುಮಕ್ಕಳು ಅವಳ ಕೈಕೆಳಗೆ. ನನ್ನ ಧಾರವಾಡದ ಎರಡು ವರ್ಷ, ನನ್ನ ಪುಸ್ತಕ, ನನ್ನ ಕನ್ನಡಕ — ಎಲ್ಲ ಆ ಶೆಡ್ಡಿನಿಂದ ಬಂದದ್ದು.

ಶೆಡ್ಡಿನಲ್ಲಿ ಅವ್ವನ ಪದ್ಧತಿ ಒಂದಿತ್ತು. ಕಟ್ಟು ಕಟ್ಟಿದವಳು ಅದನ್ನು ತಾನೇ ಪರೀಕ್ಷೆ ಮಾಡುವಂತಿಲ್ಲ. ಇನ್ನೊಬ್ಬಳು ದಾರ ಬಿಚ್ಚಬೇಕು, ಉದ್ದ ಕೂದಲಿನ ಒಳಗೆ ಗಿಡ್ಡದ್ದು ಸೇರಿದೆಯೇ ಎಂದು ಬೆರಳಾಡಿಸಿ ನೋಡಬೇಕು, ಮತ್ತೆ ಕಟ್ಟಬೇಕು. ಯಾರ ಮೇಲಿನ ಅನುಮಾನದಿಂದಲೂ ಅಲ್ಲ. ತಾನು ಕಟ್ಟಿದ್ದರಲ್ಲಿನ ತಪ್ಪು ತನ್ನ ಕೈಗೆ ಹತ್ತುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ತಾನು ಕಟ್ಟಿದ್ದನ್ನೂ ಎಲ್ಲರೆದುರು ಈರವ್ವನ ಮುಂದೆ ಒಗೆಯುತ್ತಿದ್ದಳು. ಈರವ್ವ ಪರೀಕ್ಷೆಯ ಕೆಲಸದವಳು — ಏಳನೆಯವರೆಗೆ ಓದಿದ, ಗಟ್ಟಿ ಗಂಟಲಿನ, ಯಾರಿಗೂ ಸೊಪ್ಪು ಹಾಕದ ಹೆಂಗಸು.

ಆ ಈರವ್ವನ ಅಣ್ಣ ಶರಣಪ್ಪ. ಗಿಣಿಗೇರಾದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದ. ಹೆಂಡತಿ ತೀರಿಹೋಗಿದ್ದಳು, ಒಬ್ಬಳೇ ಮಗಳನ್ನು ಯಲಬುರ್ಗಾಕ್ಕೆ ಕೊಟ್ಟಿದ್ದ. ತಂಗಿಯನ್ನು ಬೈಕಿನಲ್ಲಿ ಬಿಡಲು ಬರುವವನು, ಒಂದು ಸಲ ಗಾಳಿಗೆ ನಮ್ಮ ಶೆಡ್ಡಿನ ತಗಡು ಎದ್ದಾಗ ಮೇಲೆ ಹತ್ತಿ ಬೋಲ್ಟು ಬಿಗಿದುಕೊಟ್ಟ. ಆಮೇಲೆ ಬಿಗಿದ ಬೋಲ್ಟು ಸಡಿಲಾಗಿದೆಯೇ ನೋಡಲು ಪ್ರತಿ ಐತವಾರ ಬರತೊಡಗಿದ. ಅವನ ಮಾತಿಗೆ ಅವ್ವ ನಗುತ್ತಿದ್ದಳು. ಆ ನಗು ನಾನು ಮರೆತೇಹೋಗಿದ್ದ ನಗು — ಹಾಗೆಂದು ಆಗಲೇ ಅನ್ನಿಸಿತ್ತೋ, ಈಗ ಅನ್ನಿಸುತ್ತಿದೆಯೋ, ಹೇಳಲಾರೆ. ಆಗ ಅನ್ನಿಸಿದ್ದು ಕಿರಿಕಿರಿ. ಅಷ್ಟು ಖಚಿತ.

ಒಂದು ದಿನ ಅವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಹೇಳಿದಳು: "ಶೈಲಾ, ನಾ ಶರಣಪ್ಪನ್ನ ಮಾಡ್ಕೋಬೇಕಂತ ಮಾಡೀನಿ. ನಿನಗ ಹೆಂಗ?"

"ನಿನ್ನಿಷ್ಟ ಅವ್ವಾ," ಅಂದೆ. ಮೊದಲ ಸುಳ್ಳು ಇದೇ ಇರಬಹುದು.

"ಹಂಗಾರ ಕೇಳು. ಬಾಯಿಮಾತು ಬ್ಯಾಡ, ಬರವಣಿಗಿ ಇರಲಿ. ಅವಂದು ಅವನ ಮಗಳಿಗೆ, ನಂದು ನನ್ನ ಮಗಳಿಗೆ. ಶೆಡ್ಡು ಮುಚ್ಚು ಅಂತ ಅಂವ ಅನ್ನಬಾರದು, ಕ್ರೇನ್ ಬಿಡು ಅಂತ ನಾ ಅನ್ನಬಾರದು. ನೀ ಓದಿದಾಕಿ. ವಕೀಲರ ಕಡೆ ಹೋಗಿ ಛಲೋತ್ನ್ಯಾಗಿ ಬರಸ್ಕೊಂಡ ಬಾ."

ಮದುವೆಗೆ ಮುಂಚೆಯೇ ಆಸ್ತಿಪಾಸ್ತಿಯ ಕರಾರು ಬರೆಸಿಕೊಳ್ಳುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ನಾಲ್ಕನೆಯ ಈಯತ್ತೆಯ ನನ್ನ ಅವ್ವ ಅದನ್ನು ರೊಟ್ಟಿಯ ಕಲ್ಲಿನ ಮುಂದೆ ಕೂತು ತಾನೇ ಯೋಚಿಸಿ ಮುಗಿಸಿದ್ದಳು. ಇಂದು ಬರೆಯುವಾಗ ನನ್ನ ಬೆನ್ನು ನೆಟ್ಟಗಾಗುತ್ತದೆ. ಅಂದು ಆಗಲಿಲ್ಲ.

ಕೋರ್ಟಿನ ಸಮೀಪ, ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ವಕೀಲರ ಆಫೀಸು. ರೇಣುಕಾ ಮೇಡಂ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಅವ್ವನ ಷರತ್ತುಗಳನ್ನು ಹೇಳಿದೆ. ಬರೆದುಕೊಂಡರು. ಆಮೇಲೆ ನಾನು ಕೇಳಿದೆ — ಇದನ್ನು ಅವ್ವ ಕೇಳು ಅಂದಿರಲಿಲ್ಲ — "ಮನಿ ಅಪ್ಪನ ಹೆಸರಿನ್ಯಾಗ ಇತ್ತು. ಅವ್ವ ಉಡಿಕಿ ಆದರ ಆಕಿ ಹಕ್ಕು ಹೋಗತೈತಲ್ರಿ?"

ಉಡಿಕಿ ಎಂದರೆ ನಮ್ಮ ಕಡೆ ವಿಧವೆಯ ಮರುಮದುವೆ. ಹಿಂದಿನಿಂದ ನಡೆದುಬಂದದ್ದೇ, ಆದರೆ ಮದುವೆಯೆಂಬಂತೆ ಅಲ್ಲ. ಬಾಜಾ ಇಲ್ಲ, ಹಂದರವಿಲ್ಲ. ಕತ್ತಲಾದ ಮೇಲೆ ನಾಲ್ಕು ಹಿರಿಯರು ಕೂತು ಸೀರೆ ಉಡಿಸಿ ಕಳಿಸಿಬಿಡುವುದು. ಹೋಗುವವಳು ಮೊದಲ ಗಂಡನ ಮನೆಯದೆಲ್ಲವನ್ನೂ ಬಿಟ್ಟು ಹೋಗಬೇಕು — ಹೊಲ, ಮನೆ, ಕೆಲವು ಸಲ ಮಕ್ಕಳನ್ನೂ. ಅದು ರೂಢಿ. ನಮ್ಮ ಹೆಣ್ಣುಮಕ್ಕಳು ಅದನ್ನು ಕಾನೂನೆಂದೇ ತಿಳಿದಿದ್ದರು.

ರೇಣುಕಾ ಮೇಡಂ ಪೆನ್ನು ಕೆಳಗಿಟ್ಟರು. "ಆ ಕಾಲ ಹೋತು. ನಿಮ್ಮ ತಂದಿ ತೀರಿಕೊಂಡ ದಿನಾನ ಅರ್ಧ ನಿಮಗ, ಅರ್ಧ ನಿಮ್ಮ ತಾಯಿಗೆ ಬಂದಾತು. ನಿಮ್ಮಜ್ಜಿ ಮೊದಲ ತೀರಿಕೊಂಡಿದ್ರು ಅಂದ್ರಿ, ಬ್ಯಾರೆ ಯಾರೂ ಪಾಲಿಗಿಲ್ಲ. ಒಮ್ಮಿ ಬಂದದ್ದು ವಾಪಸ್ ಹೋಗೂದಿಲ್ರಿ. ಮದುವಿ ಆದರೂ ಹೋಗೂದಿಲ್ಲ." ನಾನು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಹೇಳಿದರು.

ಮೆಟ್ಟಿಲು ಇಳಿದು ರಸ್ತೆಗೆ ಬಂದೆ. ರೈಲು ಹಳಿ ದಾಟಿ ನಡೆದೇ ಮನೆಗೆ ಹೋದೆ. ಸುಳ್ಳು ಯಾವ ಜಾಗದಲ್ಲಿ ಹುಟ್ಟಿತು ಎಂದು ಎಷ್ಟೋ ಸಲ ಹುಡುಕಿದ್ದೇನೆ. ಹಳಿಯ ಆಚೆಗೋ ಈಚೆಗೋ. ಸಿಕ್ಕಿಲ್ಲ. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಅದು ನನ್ನ ಬಾಯಲ್ಲಿ ಸಿದ್ಧವಾಗಿತ್ತು.

"ಅವ್ವಾ, ಉಡಿಕಿ ಆದರ ಮನಿ ಮ್ಯಾಲಿನ ನಿನ್ನ ಹಕ್ಕು ಹೋಗತೈತಂತ. ಶೆಡ್ಡೂ ಅದ ಜಾಗದಾಗ ಐತಲ್ಲ, ಅದೂ ಹೋಗತೈತಿ. ಮೊದಲ ನನ್ನ ಹೆಸರಿಗೆ ಬಿಟ್ಟುಕೊಡಬೇಕಾಗತೈತಿ."

"ವಕೀಲರು ಹಂಗಂದ್ರೇನು?"

"ಹೂಂ. ಕಾನೂನು ಹಂಗೈತಿ ಅವ್ವಾ."

ಮೂರು ಶಬ್ದ. ನನ್ನ ಓದು, ಧಾರವಾಡ, ಗ್ರಂಥಾಲಯ, ಕನ್ನಡಕ, ನಾನು ಪಾಠ ಮಾಡುವ ಕಾಲೇಜಿನಲ್ಲಿ ಮಕ್ಕಳು ನನಗೆ "ಮೇಡಂ" ಎನ್ನುವುದು — ಎಲ್ಲವೂ ಆ ಮೂರು ಶಬ್ದಗಳ ಬೆನ್ನಿಗೆ ನಿಂತಿದ್ದವು. ಹಾಗೆ ನಿಲ್ಲಲೆಂದೇ ಅವ್ವ ನನ್ನನ್ನು ಓದಿಸಿದ್ದಳೇ?

 ಅವ್ವ ಕೇಳಿದ್ದು ತನ್ನ ಬಗ್ಗೆ ಅಲ್ಲ. "ಹಂಗಾರ ಶೆಡ್ಡಿನ್ಯಾಗಿನ ಹೆಣ್ಮಕ್ಳು ಎಲ್ಲಿಗಿ ಹೋಗಬೇಕು?"

ಶೆಡ್ಡು ನನ್ನ ಹೆಸರಿಗೆ ಬಂದರೆ ನಾನು ಅದನ್ನು ಮುಂದುವರಿಸುತ್ತೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ, ನೋಡಿ. ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವಳು.

ಯಾಕೆ ಹೇಳಿದೆ? ಮನೆಯ ಆಸೆಯೇ? ಅರ್ಧ ನನ್ನದೇ ಇತ್ತು, ಉಳಿದರ್ಧ ಬೇಕೆಂದು ನಾನು ಕನಸು ಕಂಡವಳಲ್ಲ. ಅಪ್ಪನ ನೆನಪೇ? ಹಾಗೆ ಹೇಳಿಕೊಂಡರೆ ಚೆಂದ ಕೇಳಿಸುತ್ತದೆ, ಅದಕ್ಕೇ ನಂಬುವುದಿಲ್ಲ. ಮದುವೆಯಾಗದ ಇಪ್ಪತ್ತೇಳರ ಮಗಳು ಮನೆಯಲ್ಲಿರುವಾಗ ಅವ್ವನಿಗೆ ಉಡಿಕಿ — ಅಳವಂಡಿಯ ನಮ್ಮ ಬಳಗದವರು ಏನೆನ್ನುತ್ತಾರೆ ಎಂಬ ಅಳುಕೇ? ಅವಳು ನಗುತ್ತಿದ್ದಾಗ ನಾನು ಆ ನಗುವಿನ ಕಾರಣದಲ್ಲಿ ಇರಲಿಲ್ಲ ಎಂಬುದೇ? ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಅದು ನೆಪವಾಗುತ್ತದೆ. ಆರಿಸುವುದಿಲ್ಲ.

ಬೆನ್ನಿಗೇ ಐತವಾರ ಬಂತು. ಸರಕು ಕಳಿಸುವುದಿತ್ತಾದ್ದರಿಂದ ಶೆಡ್ಡಿನಲ್ಲಿ ಕೆಲಸವಿತ್ತು. ನಾನು ಬಾಗಿಲ ಬಳಿ ಕೂತು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವ್ವ ಕೈಯಲ್ಲಿನ ಕೆಲಸ ಬಿಡದೆ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ಈರವ್ವ, ನಿಮ್ಮಣ್ಣಗ ಹೇಳಿಬಿಡು. ಬ್ಯಾಡಂತ."

ಈರವ್ವ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. "ಯಾಕ್ರಿ ಅಕ್ಕಾರ? ನಮ್ಮಣ್ಣ ಏನ್ ಮಾಡ್ಯಾನ?"

"ಅಂವ ಏನ್ ಮಾಡ್ಯಾನ, ಪಾಪ. ಉಡಿಕಿ ಆದರ ಮನಿ-ಶೆಡ್ಡು ನನ್ನ ಕೈಯಾಗ ಉಳಿಯೂದಿಲ್ಲಂತ. ಕಾನೂನು ಹಂಗೈತಂತ. ನಂದೊಂದು ಸುಖಕ್ಕ ಇಷ್ಟ ಮಂದಿ ಅನ್ನಕ್ಕ ಮಣ್ಣು ಹಾಕ್ಲೇನು?"

 ನಾನು ಉತ್ತರಪತ್ರಿಕೆಯ ಮೇಲೆ ಬಗ್ಗಿದ್ದೆ. ಗೆದ್ದಿದ್ದೆ. ಹೌದು, ಆ ಕ್ಷಣ ನನಗಾದದ್ದು ಗೆದ್ದ ಸಮಾಧಾನವೇ. ಬರೆಯಲು ನಾಚಿಕೆಯಾದರೂ ಇದನ್ನು ಬಿಟ್ಟರೆ ಉಳಿದದ್ದು ಬರೆದು ಪ್ರಯೋಜನವಿಲ್ಲ.

ಆಗ ಈರವ್ವ ಕೇಳಿದಳು: "ಈ ಮಾತು ಕಟ್ಟಿಕೊಂಡು ಬಂದವ್ರು ಯಾರ್ರಿ?"

"ಶೈಲಾನ ವಕೀಲರ ಕಡೆ ಹೋಗಿ ಬಂದ್ಲು."

"ಬಿಚ್ಚಿ ನೋಡಿದವ್ರು ಯಾರು?"

ಅವ್ವ ತಿರುಗಿ ನೋಡಿದಳು.

"ಅಲ್ರಿ ಅಕ್ಕಾರ, ಹನ್ನೊಂದು ವರ್ಷದಿಂದ ನನ್ನ ಪ್ರಾಣ ತಿಂದೀರಿ. ಕಟ್ಟಿದಾಕಿ ಬ್ಯಾರೆ, ಬಿಚ್ಚಿ ನೋಡಾಕಿ ಬ್ಯಾರೆ ಅಂತ. ಮುಷ್ಟಿ ಕೂದಲಕ್ಕ ಇರೂ ಪದ್ಧತಿ ಮನಿಗಿ ಇಲ್ಲೇನ್ರಿ? ನಮ್ಮಣ್ಣ ಕೂದಲಕಿಂತ ಕಡಿಮಿ ಆದ್ನೇನು?"

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು "ಹೌದ ಹೌದ್ರಿ" ಅಂದರು. ಅವ್ವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು, ಆಮೇಲೆ ಬಂದದ್ದು ನಗು. ತನ್ನ ಪದ್ಧತಿಗೆ ತಾನೇ ಸಿಕ್ಕಿಬಿದ್ದವಳ ನಗು. "ಬುಧವಾರ ನಡಿ ಹಂಗಾರ. ನೀನ ಬಾ, ನೀನ ಬಿಚ್ಚಿ ನೋಡು," ಅಂದಳು.

ಈರವ್ವ ಅಷ್ಟು ಹೊತ್ತೂ ನನ್ನ ಕಡೆ ನೋಡಲಿಲ್ಲ. ಒಮ್ಮೆಯೂ.

ಮರುದಿನ ನಾನು ಕಾಲೇಜು ಬಿಟ್ಟ ಮೇಲೆ ವಕೀಲರ ಆಫೀಸಿನ ಕೆಳಗೆ ಹೋಗಿ ನಿಂತೆ. ಮೇಡಂ, ಬುಧವಾರ ಅವ್ವ ಬರುತ್ತಾಳೆ, ದಯವಿಟ್ಟು — ದಯವಿಟ್ಟು ಏನು? ನಾನು ಹೇಳಿದ ಸುಳ್ಳನ್ನು ನೀವೂ ಹೇಳಿ? ಝೆರಾಕ್ಸ್ ಅಂಗಡಿಯವನು "ಎಷ್ಟು ಕಾಪಿ ಬೇಕ್ರಿ?" ಎಂದು ಎರಡು ಸಲ ಕೇಳಿದ. ಮೆಟ್ಟಿಲು ಹತ್ತಲಿಲ್ಲ. ಒಳ್ಳೆಯತನದಿಂದಲ್ಲ — ಅವರು ಒಪ್ಪುವವರಲ್ಲ ಎಂದು ಗೊತ್ತಿತ್ತು. ಅವ್ವನ ಬಳಿ ಹೋಗಿ ಸತ್ಯ ಹೇಳಲು ಇನ್ನೂ ಎರಡು ದಿನವಿತ್ತು. ಹೇಳಲಿಲ್ಲ.

ಬುಧವಾರ ಮೂವರೂ ಹೋದೆವು. ಅವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಅಥವಾ ಮದುವೆಯ ದಿನದ ಸೀರೆಯನ್ನು ನನ್ನ ನೆನಪು ಅಂದಿಗೂ ಉಡಿಸಿದೆ. ರೇಣುಕಾ ಮೇಡಂ ನೀರು ತರಿಸಿದರು. ಈರವ್ವ ನೀರು ಮುಟ್ಟಲಿಲ್ಲ, ನೇರ ಕೇಳಿದಳು: "ಉಡಿಕಿ ಆದರ ಮೊದಲಿನ ಗಂಡನ ಮನಿ ಹೋಗತೈತಂತಲ್ರಿ ಮೇಡಂ, ಕಾನೂನು ಹಂಗ ಐತೇನ್ರಿ?"

ಮೇಡಂ ನನ್ನ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು ಎಂಬುದು ನನಗೂ ತಿಳಿಯಿತು. "ಯಾರು ಹೇಳಿದ್ರು?" ಅಂದರು.

ಈರವ್ವ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಅವ್ವ ಮಾತಾಡಿದಳು. ತಡೆದಳೋ, ಸುಮ್ಮನೆ ಮೊದಲಾದಳೋ — ಮುಂದಿನ ಆರು ವರ್ಷ ಈ ಒಂದು ಉಸಿರಿನಷ್ಟು ಹೊತ್ತನ್ನು ನಾನು ತಿರುಗಿಸಿ ತಿರುಗಿಸಿ ನೋಡಿದ್ದೇನೆ.

"ಮಂದಿ ಅಂತಾರ್ರಿ," ಅಂದಳು ಅವ್ವ. "ಊರಾಗ ಮಂದಿ ಅಂತಾರ."

"ಮಂದಿ ಅನ್ಲಿ ಬಿಡ್ರಿ," ಅಂದರು ಮೇಡಂ, ಈಗ ಅವ್ವನನ್ನೇ ನೋಡುತ್ತಾ. "ಶಾಂತವ್ವಾರ, ಅರ್ಧ ಮನಿ ನಿಮ್ಮದು. ನಿಮ್ಮದಂದ್ರ ನಿಮ್ಮದ. ನಾಳೆ ಮದುವಿ ಆಗ್ರಿ, ನಾಡ್ದ ಆಗ್ರಿ. ಯಾರೂ ಕಸಗೊಳ್ಳಾಕ ಬರೂದಿಲ್ಲ. ನೀವಾಗಿ ಬರಕೊಟ್ರ ಅಷ್ಟ ಹೋಗತೈತಿ. ಬರಕೊಡಬ್ಯಾಡ್ರಿ."

ಅವ್ವ ಎರಡೂ ಕೈ ಮೇಜಿನ ಮೇಲಿಟ್ಟಳು. ವರ್ಷಗಟ್ಟಲೆ ಸಿಕ್ಕು ಬಿಡಿಸಿ ಬೆರಳ ತುದಿ ಗಟ್ಟಿಯಾದ ಕೈಗಳು. "ಇನ್ನೊಮ್ಮಿ ಹೇಳ್ರಿ," ಅಂದಳು. ಮೇಡಂ ಇನ್ನೊಮ್ಮೆ ಹೇಳಿದರು. "ಈರವ್ವ, ಕೇಳಿದ್ಯಾ?" "ಕೇಳೀನ್ರಿ." "ಗಿಡ್ಡದ್ದೇನರ ಸಿಕ್ತೇನು?" "ಇದ್ರಾಗ ಏನಿಲ್ರಿ, ಛಲೋ ಐತಿ," ಅಂದಳು ಈರವ್ವ. ಇಬ್ಬರೂ ನಗತೊಡಗಿದರು. ವಕೀಲರ ಆಫೀಸಿನಲ್ಲಿ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರು ಇಣುಕಿ ನೋಡುವಂತೆ, ನನ್ನ ಅವ್ವ ನಕ್ಕಳು. ನಾನು ಕುರ್ಚಿಯ ಅಂಚಿನಲ್ಲಿ ಕೂತು ಸೋಲುತ್ತಿದ್ದೆ. ಅಷ್ಟು ಪೂರ್ತಿಯಾಗಿ ಸೋತದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಆ ಗೆಲುವಿಗೆ ಅಡ್ಡ ನಿಂತವಳು ನಾನೇ ಎಂದು ಗೊತ್ತಿದ್ದೂ, ನನ್ನೊಳಗೆ ಏನೋ ಚಪ್ಪಾಳೆ ತಟ್ಟಿತು — ಇದು ಆಮೇಲೆ ಸೇರಿಸಿಕೊಂಡದ್ದಲ್ಲ ಎಂದು ಭಾವಿಸುತ್ತೇನೆ.

ಹೊರಗೆ ಬಂದ ಮೇಲೆ ಅವ್ವ ತಿಂಡಿಬಂಡಿಯ ಮುಂದೆ ನಿಲ್ಲಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಕೊಡಿಸಿದಳು. ತನ್ನ ತಟ್ಟೆಯ ಒಂದು ಮಿರ್ಚಿಯನ್ನು ತೆಗೆದು ನನ್ನ ತಟ್ಟೆಗೆ ಇಟ್ಟಳು. "ತಿನ್ನು," ಅಂದಳು. ಅಷ್ಟೇ.

ಕರಾರಿಗೆ ಸಹಿ ಹಾಕುವ ದಿನ ಶರಣಪ್ಪ ಪಾಳಿ ಮುಗಿಸಿ ನೇರ ಬಂದಿದ್ದ, ಅಂಗಿಯ ತೋಳಿನ ಮೇಲೆ ಇನ್ನೂ ಕಾರ್ಖಾನೆಯ ಕೆಂಪು ಧೂಳು. ಮೇಡಂ ಮೊದಲೇ ಎಚ್ಚರಿಸಿದರು: ಗಂಡ-ಹೆಂಡತಿ ಮಾಡಿಕೊಂಡ ಇಂಥ ಕಾಗದವನ್ನೆಲ್ಲ ಕೋರ್ಟು ಹಾಗೇ ಒಪ್ಪಿಕೊಳ್ಳುತ್ತದೆ ಎನ್ನಲಾಗದು, ಆದರೆ ಮದುವೆಯ ದಿನ ಯಾರ ಬಳಿ ಏನಿತ್ತು ಎಂಬುದು ಬರೆದಿದ್ದರೆ ನಾಳೆ ಯಾರೂ ಬಾಯಿ ತೆಗೆಯುವುದಿಲ್ಲ, ಮಕ್ಕಳಿಗೆ ಹೋಗಬೇಕಾದದ್ದಕ್ಕೆ ಬೇರೆ ಉಯಿಲು ಬರೆದು ನೋಂದಾಯಿಸಿ. ಇಬ್ಬರೂ ತಲೆಯಾಡಿಸಿದರು. ಬಾಂಡ್ ಪೇಪರಿನ ಕರಾರನ್ನು ಓದುವ ಕೆಲಸ ಈರವ್ವನಿಗೆ. ನಿಂತುಕೊಂಡೇ ಓದಿದಳು, ಸಾಲಿಯಲ್ಲಿ ಪಾಠ ಒಪ್ಪಿಸುವ ಧಾಟಿಯಲ್ಲಿ.

ಶೆಡ್ಡು ಶಾಂತವ್ವನದು, ಅದರ ಆದಾಯ ಅವಳದು. ಶರಣಪ್ಪನ ಪಿ.ಎಫ್. ಹಣ ಅವನ ಮಗಳಿಗೆ. ಒಬ್ಬರ ಸಾಲಕ್ಕೆ ಇನ್ನೊಬ್ಬರ ಆಸ್ತಿ ಹೊಣೆಯಲ್ಲ. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರು ನೋಡಿಕೊಳ್ಳತಕ್ಕದ್ದು, ಮಕ್ಕಳ ಮೇಲೆ ಹಾಕತಕ್ಕದ್ದಲ್ಲ.

"ನಿಮ್ಮದೇನರ ಷರತ್ತು ಐತೇನ್ರಿ?" ಎಂದು ಮೇಡಂ ಶರಣಪ್ಪನನ್ನು ಕೇಳಿದರು.

"ಒಂದೈತ್ರಿ. ಐತವಾರ ಅಡಿಗಿ ನಂದು. ಯಾರೂ ಹೆಸರಿಡಬಾರದು."

"ಅದನ್ನ ಕರಾರಿನ್ಯಾಗ ಬರಿಯಾಕ ಬರೂದಿಲ್ರಿ."

"ಬರೀರಿ ಮೇಡಂ," ಅಂದಳು ಅವ್ವ. "ಉಪ್ಪು ಹೆಚ್ಚಾದ್ರ ಅನ್ನಬಹುದು ಅಂತಾನೂ ಬರೀರಿ."

ಬರೆದರು. ಕೈಬರಹದಲ್ಲಿ, ಕೊನೆಯ ಪುಟದ ಕೆಳಗೆ. ಅದಕ್ಕೂ ಮೇಲಿದ್ದ, ಇನ್ನೂ ಓದದೆ ಉಳಿದಿದ್ದ ಒಂದು ಷರತ್ತನ್ನು ಈರವ್ವ ಆಗ ಓದಿದಳು. ಅದನ್ನು ಅವ್ವ ಯಾವಾಗ ಬಂದು ಬರೆಸಿದ್ದಳೋ ನನಗೆ ಗೊತ್ತಿರಲಿಲ್ಲ. "ನನ್ನ ಮಗಳು ಶೈಲಜಾ ಇವಳಿಗೆ ಮದುವೆಯಾಗಲಿ ಆಗದಿರಲಿ, ಈ ಮನೆಯಲ್ಲಿ ತನ್ನ ಇಚ್ಛೆ ಇರುವವರೆಗೆ ವಾಸಿಸುವ ಹಕ್ಕು ಇರುತ್ತದೆ. ಇದಕ್ಕೆ ಶರಣಪ್ಪ ಇವರು ಎಂದಿಗೂ ಅಡ್ಡಿಪಡಿಸತಕ್ಕದ್ದಲ್ಲ."

"ಅಡ್ಡಿ ಯಾಕ," ಅಂದ ಶರಣಪ್ಪ, "ನಾ ಬರೂದು ಆಕಿ ಮನಿಗಿ. ಆಕಿನ ನನ್ನ ಇಟಗೊಂಡ್ರ ಸಾಕು."

ಇಬ್ಬರು ಸಾಕ್ಷಿ ಬೇಕಿತ್ತು. ಒಬ್ಬಳು ಈರವ್ವ. ಇನ್ನೊಬ್ಬಳಾಗಿ ಅವ್ವ ನನ್ನ ಕಡೆ ಪೆನ್ನು ಚಾಚಿದಳು. ಸುಳ್ಳು ಹೇಳಿದ ಬಾಯಿಯನ್ನು ಬಿಗಿದುಕೊಂಡು ಪ್ರತಿ ಪುಟಕ್ಕೂ ಸಾಕ್ಷಿಯಾಗಿ ಸಹಿ ಹಾಕಿದೆ. ನನ್ನ ದಿನಚರಿಯ ಯಾವ ಪುಟಕ್ಕಿಂತಲೂ ಆ ಪುಟಗಳು ನಿಜ.

ಮದುವೆ ಬೆಳಗ್ಗೆ ಹನ್ನೊಂದಕ್ಕೆ ಆಯಿತು. ಕತ್ತಲಲ್ಲಿ ಅಲ್ಲ. ಶೆಡ್ಡಿನ ಮುಂದೆ ಹಂದರ ಹಾಕಿಸಿ, ಹಲಗಿ ಶಹನಾಯಿ ಕರೆಸಿ. ಬಳಗದ ಹಿರಿಯರೊಬ್ಬರು "ಉಡಿಕಿಗೆ ಬಾಜಾ ಬಾರಿಸೂ ಪದ್ಧತಿ ಇಲ್ಲ ಶಾಂತವ್ವ" ಎಂದರು. "ಇವತ್ತಿನಿಂದ ಐತ್ರಿ," ಅಂದಳು ಅವ್ವ, ಮತ್ತು ಹಲಗಿಯವರಿಗೆ ಕೈಬೀಸಿ ಹತ್ತಿರ ಕರೆದಳು. ಒಂಬತ್ತು ಹೆಣ್ಣುಮಕ್ಕಳು ಒಂದೇ ಬಣ್ಣದ ಸೀರೆ ಉಟ್ಟಿದ್ದರು. 'ಮಂಗಳಕಾರ್ಯದಲ್ಲಿ ನಿಲ್ಲಬಾರದು' ಎಂದು ಹೇಳಿಸಿಕೊಂಡ ಇಬ್ಬರು ವಿಧವೆಯರು ಅವರಲ್ಲಿದ್ದರು, ಅಕ್ಕಿಕಾಳು ಮೊದಲು ಹಾಕಿದವರು ಅವರೇ. ಈರವ್ವ ಅಡ್ಡಗಟ್ಟಿ ನಿಂತು ಕೂಗಿದಳು: "ಇವತ್ತಿನಿಂದ ನಮ್ಮಣ್ಣನ ಹೆಂಡ್ತಿ ನೀವು; ಅಕ್ಕಾರ ಅಲ್ಲ, ವೈನಿ ಅಂತೀನಿ. ಪಗಾರ ಹೆಚ್ಚು ಮಾಡಬೇಕ್ರಿ ವೈನಿ!" ಓಣಿಯ ಮಂದಿ ಮಾಳಿಗೆಯ ಮೇಲೆ ನಿಂತು ನೋಡಿದರು. ನನ್ನ ಅವ್ವ ನಲವತ್ತೇಳರ ವಯಸ್ಸಿನಲ್ಲಿ, ಹಾಡಹಗಲು, ತನ್ನ ಮನೆಯ ಹಂದರದಲ್ಲಿ, ತನ್ನ ಕರಾರಿನ ಮೇಲೆ ಮದುವೆಯಾದಳು. ನಾನು ಅತ್ತೆ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಅದೂ ಇತ್ತು.

ಈಗ ಶೆಡ್ಡಿನಲ್ಲಿ ಹದಿನಾಲ್ಕು ಜನ. ಅವರಲ್ಲಿ ಇಬ್ಬರು ತಾವೂ ಮರುಮದುವೆಯಾದರು, ರೇಣುಕಾ ಮೇಡಂ ಕಡೆಯೇ ಹೋಗಿ, ಕಾಗದ ಬರೆಸಿಕೊಂಡು. ಹುಲಿಹೈದರದಿಂದ ಒಬ್ಬ ಹೆಂಗಸು ನಮ್ಮ ಮನೆ ವಿಳಾಸ ಹುಡುಕಿಕೊಂಡು ಬಂದು, "ಮನಿ ಹೋಗೂದಿಲ್ಲಂತ ಹೌದೇನ್ರಿ?" ಎಂದು ಅವ್ವನನ್ನು ಕೇಳಿದಳು. ಅವ್ವ ಅವಳಿಗೆ ಊಟ ಹಾಕಿ, ಕಾನೂನು ಹೇಳಿದಳು — ಸರಿಯಾದ ಕಾನೂನು. ಶರಣಪ್ಪ ಕಾಕಾನ ಐತವಾರದ ಅಡಿಗೆಯಲ್ಲಿ ಇಂದಿಗೂ ಉಪ್ಪು ಹೆಚ್ಚು. ಅವ್ವ ತನ್ನ ಹಕ್ಕನ್ನು ತಪ್ಪದೆ ಚಲಾಯಿಸುತ್ತಾಳೆ.

ಇಷ್ಟೆಲ್ಲ ಒಳಿತಾದ ಮೇಲೆ ಹಳೆಯದನ್ನು ಯಾಕೆ ಕೆದಕಬೇಕು ಎಂದುಕೊಂಡೇ ಆರು ವರ್ಷ ಕಳೆದೆ. ಕಳೆದ ತಿಂಗಳು ಅದೇ ಮೆಟ್ಟಿಲುಗಳನ್ನು ನನ್ನ ಕರಾರಿಗಾಗಿ ಹತ್ತಿದೆ. ಗಂಗಾವತಿಯಲ್ಲಿ ಹೈಸ್ಕೂಲ್ ಮಾಸ್ತರನಾಗಿರುವ ವೀರೇಶನನ್ನು ಮದುವೆಯಾಗಲಿದ್ದೇನೆ. ಮದುವೆಗೆ ಮುಂಚೆ ಕಾಗದ ಬೇಕೆಂದು ನಾನು ಹೇಳಿದಾಗ ಅವನು, "ನಿಮ್ಮವ್ವನ ಮಗಳಲ್ಲೇನು ನೀ? ಗೊತ್ತಿತ್ತು" ಅಂದ. ರೇಣುಕಾ ಮೇಡಂ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: "ಬರಿಯೂಕಿಂತ ಮೊದಲು ಇಬ್ರೂ ಇದ್ದದ್ದು ಇದ್ದಂಗ ಹೇಳಬೇಕು. ಮುಚ್ಚಿಟ್ಟು ಬರಸಿದ ಕಾಗದಕ್ಕ ಬೆಲಿ ಇಲ್ಲ." ಅವರು ಇಬ್ಬರಿಗೂ ಹೇಳಿದ್ದು. ನನಗೊಬ್ಬಳಿಗೇ ಹೇಳಿದಂತೆ ಕೇಳಿಸಿತು.

ವಾಪಸ್ ಬರುವಾಗ ವೀರೇಶನಿಗೆ ಎಲ್ಲ ಹೇಳಿದೆ.  "ನಿಮ್ಮವ್ವಗ ಹೇಳೀಯೇನು?" ಅಂದ. ಇಲ್ಲ ಅಂದೆ. 

ಬರುವ ಐತವಾರ, ಊಟಕ್ಕೆ ಮುಂಚೆ, ಇದಿಷ್ಟನ್ನೂ ಅವ್ವನ ಮುಂದೆ ನಾನೇ ಓದುತ್ತೇನೆ. ಅವಳು ಏನಂದರೂ ಕೇಳಿಸಿಕೊಳ್ಳುತ್ತೇನೆ. ಆದರೆ ಈ ನಿರ್ಧಾರ ಮಾಡಿದ ಮೇಲೂ ನಾನು ಮೊದಲು ಹೋದದ್ದು ಅವ್ವನ ಬಳಿಗಲ್ಲ. ಅವಳಿಗೆ ಮುಂಚೆಯೇ ಗೊತ್ತಿದ್ದರೆ ನನಗೆ ಹೇಳುವುದು ಸುಲಭವಾದೀತು ಎಂಬ ಹಳೆಯ ಲೆಕ್ಕಾಚಾರದ ಬುದ್ಧಿ ಇನ್ನೂ ಸತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಅವ್ವ ಪೇಟೆಗೆ ಹೋದ ಹೊತ್ತು ನೋಡಿ ಶೆಡ್ಡಿಗೆ ಹೋದೆ. ಈರವ್ವನಿಗೆ ನಾನೀಗ ಅತ್ತಿ ಎನ್ನುತ್ತೇನೆ. ಪಕ್ಕದಲ್ಲಿ ಕೂತು ಕೇಳಿದೆ. ಅತ್ತಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು, ಸೆರಗು ಕೊಡವಿಕೊಂಡು ಎದ್ದಳು, ಒಣಗಲು ಹಾಕಿದ ಕೂದಲು ತಿರುವಲು ಬಿಸಿಲಿಗೆ ಹೋದಳು. ಇದನ್ನು ಬರೆಯುವ ಈ ಹೊತ್ತಿನವರೆಗೂ ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ವಕೀಲರ ಮುಂದ ಅವ್ವ 'ಮಂದಿ ಅಂತಾರ್ರಿ' ಅಂದ್ಲಲ್ಲ — ಸುಳ್ಳು ಹೇಳಿದಾಕಿ ನಾನ ಅಂತ ಆಕಿಗಿ ಆಗ ಗೊತ್ತಿತ್ತೇನು?"